ಮಲಗಿದವರ ಚಿತ್ರ

ಸ್ವಪ್ನಾಲಿ ಕಪಾಟಿನ ಅಗಲವಾದ ಖಾನೆ ಎಳೆದು ಮೇಲಿನ ತೆಳು ಕಾಗದ ಸರಿಸಿದಾಗ ಅನುಸೂಯಾಬಾಯಿ ಕುರ್ಚಿಯಿಂದ ಅರ್ಧ ಎದ್ದರು. ಚಿತ್ರದೊಳಗೆ, ಹೊರಸಿನ ಮೇಲೆ, ಅವರ ಗಂಡ ಮಲಗಿದ್ದರು.

ಉದಗೀರದ ಈ ಸಣ್ಣ ವಸ್ತುಸಂಗ್ರಹಾಲಯಕ್ಕೆ ತಾಯಿಯನ್ನು ನಿಲಂಗಾದಿಂದ ಕರೆತಂದವನು ಮಗ ಸಿದ್ಧೇಶ್ವರ. ಮನೆಮನೆಯ ಪೂಜೆಗೆ ಹೋಗುತ್ತಿದ್ದ ಅವನ ತಂದೆ ಗುರುಶಾಂತಯ್ಯ ಮರದ ಅಚ್ಚು ಕೊರೆದು, ದೇವರ ಚಿತ್ರ ಮುದ್ರಿಸಿ ಭಕ್ತರಿಗೆ ಹಂಚುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿದ್ದ ಹಾಳೆಗಳನ್ನೆಲ್ಲ ಸಿದ್ಧೇಶ್ವರ ಇಲ್ಲಿಗೆ ಕೊಟ್ಟಿದ್ದ. ಮುಂದಿನ ವಾರ ಪ್ರದರ್ಶನ. ಯಾವ ಚಿತ್ರ ಯಾವಾಗಿನದು ಎಂದು ತಾಯಿಯೇ ಬಂದು ಹೇಳಬೇಕೆಂದು, ಸಂಗ್ರಹ ನೋಡಿಕೊಳ್ಳುವ ಸ್ವಪ್ನಾಲಿ ಕೇಳಿಕೊಂಡಿದ್ದಳು.

ಅವರ ಚಿತ್ರಗಳಲ್ಲೆಲ್ಲ ಇದೇ ಶ್ರೇಷ್ಠವಾದದ್ದು, ಬಾಗಿಲೆದುರಿನ ಗೋಡೆಗೆ ಇದನ್ನೇ ಹಾಕುತ್ತೇವೆ ಎಂದಳು ಸ್ವಪ್ನಾಲಿ. ಕೆಳಗಿನ ಚೀಟಿಯನ್ನು ಸಿದ್ಧೇಶ್ವರ ಹೆಮ್ಮೆಯಿಂದ ಓದಿದ: 'ಗುರುಶಾಂತಯ್ಯ ಕೊರೆದ ತಮ್ಮದೇ ಚಿತ್ರ.'

ಅನುಸೂಯಾಬಾಯಿ ಚೀಟಿಯ ಮೇಲೆ ಬೆರಳಿಟ್ಟು ಸ್ವಪ್ನಾಲಿಯ ಕಡೆ ನೋಡಿದರು.

"ಇದು ಅವರು ಕೊರ್ದಿದ್ದಲ್ಲವ್ವಾ. ನಾ ಕೊರ್ದಿದ್ದು."

ಸಿದ್ಧೇಶ್ವರನ ಮುಖ ಕೆಂಪಾಯಿತು. ವಯಸ್ಸಾಗಿದೆ, ಮರೆವು ಎಂದು ಸ್ವಪ್ನಾಲಿಗೆ ಮರಾಠಿಯಲ್ಲಿ ಹೇಳಿ, ತಾಯಿಯ ಕಡೆ ತಿರುಗಿದ. "ಅವ್ವಾ, ಅಪ್ಪಾರ ಹೆಸರು ಯಾಕ ಕೆಡಸ್ತಿ?"

ತಾಯಿಗೆ ಸಿಟ್ಟು ಬರಲಿಲ್ಲ. ಕಡೆಯ ಒಂಬತ್ತು ವರ್ಷ ಗಂಡನ ಬಲಗೈ ನಡುಗುತ್ತಿತ್ತು. ಅದು ಮಗನಿಗೂ ಗೊತ್ತು. ಉಳಿ ಹಿಡಿಯಲಾಗದೆ ಗಂಡ ಅತ್ತದ್ದು, ಭಕ್ತರಿಗೆ ತಿಳಿಯಬಾರದೆಂದು ಅನುಸೂಯಾಬಾಯಿ ಬಾಗಿಲು ಮುಚ್ಚಿಕೊಂಡು ತಾವೇ ಕೊರೆದು ಗಂಡನ ಹೆಸರು ಹಾಕಿದ್ದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಆಗ ಅವನು ಉಮರ್ಗಾದಲ್ಲಿ ನೌಕರಿಯಲ್ಲಿದ್ದ. ಇದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿ, ಚಿತ್ರದ ಬಲಗೈಯನ್ನು ಮುಟ್ಟದೆ ತೋರಿಸಿದರು.

"ನಿದ್ದಿ ಹತ್ತಿದಾಗ ಅಷ್ಟ ಈ ಕೈ ನಡಗ್ತಿರಲಿಲ್ಲ, ಸಿದ್ದು. ಅದನ್ನ ಅವರು ಹ್ಯಾಂಗ ನೋಡ್ಯಾರು?"

ಸಿದ್ಧೇಶ್ವರ ಹಾಳೆಯ ಮೇಲೆ ಬಾಗಿದ. ಎದೆಯ ಮೇಲೆ ಸಡಿಲಾಗಿ ಬಿದ್ದ ಐದು ಬೆರಳು. ಆ ಕಡೆಯ ವರ್ಷಗಳಲ್ಲಿ ಅಪ್ಪನ ಕೈ ಇಷ್ಟು ನೆಮ್ಮದಿಯಾಗಿದ್ದುದನ್ನು ಅವನು ಕಂಡಿರಲಿಲ್ಲ. ತಾನೇ ಚೀಟಿ ತೆಗೆದು ಸ್ವಪ್ನಾಲಿಯ ಕೈಗೆ ಕೊಟ್ಟು, ಅವ್ವನ ಹೆಸರು ಬರೆಯಿರಿ ಎಂದ.

ಬರೆದು ಮುಗಿಸಿದ ಸ್ವಪ್ನಾಲಿ, ಹಾಗಾದರೆ ಆ ಒಂಬತ್ತು ವರ್ಷದ ಉಳಿದ ಚಿತ್ರಗಳ ಚೀಟಿಯನ್ನೂ ಬದಲಿಸಬೇಕಲ್ಲವೇ ಎಂದು ಕೇಳಿದಳು.

"ಬ್ಯಾಡವ್ವಾ. ಅವು ಅವರ ಸಲುವಾಗಿ ಕೊರ್ದಿದ್ದು, ಅವರ ಹೆಸರೇ ಇರ್ಲಿ," ಎಂದರು ಅನುಸೂಯಾಬಾಯಿ. "ಇದೊಂದ ನಾ ನನ್ನ ಸಲುವಾಗಿ ಕೊರ್ದಿದ್ದು."