ಪಟ್ಟಿಯಲ್ಲಿಲ್ಲದ ತಂಡ

ಹಗ್ಗದ ನಡುವಿನ ಕೆಂಪು ಬಟ್ಟೆ ಇನ್ನೊಂದು ಗೇಣು ಆಚೆ ಸರಿದರೆ ಮುದುಕರು ಸೋತಂತೆ. ಮಣಿಪಾಲದ ಜಿಮ್ ಹುಡುಗರು ಬಿಡುವಿಲ್ಲದೆ ಜಗ್ಗುತ್ತಿದ್ದರು. ಎಂಟು ಮುದುಕರು ಮಾತ್ರ ಕಾಪು ಕಡಲತೀರದ ಮರಳಿನಲ್ಲಿ ಹಿಮ್ಮಡಿ ಊರಿ ಸುಮ್ಮನೆ ಹಿಡಿದು ನಿಂತಿದ್ದರು. ಅವರನ್ನು ಹುರಿದುಂಬಿಸಬೇಕಾದ ಪುತ್ತುಬ್ಬ ಹಗ್ಗಕ್ಕೆ ಬೆನ್ನು ಹಾಕಿ ಸಮುದ್ರ ನೋಡುತ್ತಿದ್ದ.

“ಪುತ್ತುಬ್ಬಾಕ, ಪಂದ್ಯ ಈಚೆ ಉಂಟು ಮಾರಾಯ್ರೆ!” ಎಂದು ಪಂದ್ಯದ ಉದ್ಘೋಷಕ ಬ್ರ್ಯಾಂಡನ್ ಮೈಕಿನಲ್ಲಿ ಕೂಗಿದಾಗ ಜನ ನಕ್ಕರು. ಬೆಳಿಗ್ಗೆ ಮುದುಕರು ತಮ್ಮ ಹಳೆಯ ತಂಡದ ಹೆಸರು ಬರೆಸಲು ಹೋದಾಗ ಇದೇ ಬ್ರ್ಯಾಂಡನ್, “ನ್ಯೂ ಸ್ಟಾರ್ ಮಟ್ಟು ಮುಚ್ಚಿ ಇಪ್ಪತ್ತೆರಡು ವರ್ಷ ಆಯ್ತಲ್ಲ, ಇಲ್ಲದ ತಂಡವನ್ನು ಹೇಗೆ ಕರೆಯುವುದು?” ಎಂದು ಹೇಳಿ ಪಟ್ಟಿಯಲ್ಲಿ ‘ಹಿರಿಯ ನಾಗರಿಕರು’ ಎಂದು ಬರೆದುಕೊಂಡಿದ್ದ.

ಪುತ್ತುಬ್ಬ ತಿರುಗಲಿಲ್ಲ. ಆ ಎಂಟು ಮಂದಿಯೂ ಒಂದು ಕಾಲದಲ್ಲಿ ಅವನೊಂದಿಗೆ ಇದೇ ಕಡಲಿನಿಂದ ಕೈರಂಪಣಿ ಎಂಬ ಮೀನಿನ ಬಲೆಯನ್ನು ದಡಕ್ಕೆ ಎಳೆದವರು. ಅಲೆ ಹಿಂದೆ ಹೋಗುವಾಗ ಬಲೆಯ ಹಗ್ಗ ಬಿಗಿಹಿಡಿದು ನಿಲ್ಲಬೇಕು, ಅಲೆ ದಡಕ್ಕೆ ಬರುವಾಗ ಎಳೆಯಬೇಕು. ಅವರು ಪಂದ್ಯ ಗೆಲ್ಲುತ್ತಿದ್ದದ್ದೂ ಹಾಗೆಯೇ: ಎದುರಾಳಿ ದಣಿಯುವವರೆಗೆ ಹಿಡಿದು ನಿಂತು, ಅಲೆ ಬರುವಾಗ ಒಟ್ಟಿಗೆ ಎಳೆದು. ದೂರದಲ್ಲಿ ದೊಡ್ಡದೊಂದು ಅಲೆ ತಲೆಯೆತ್ತಿ ದಡದತ್ತ ಹೊರಟಿತು.

“ಬಂತು!” ಎಂದ ಪುತ್ತುಬ್ಬ.

ಎಂಟು ಬೆನ್ನುಗಳು ಒಟ್ಟಿಗೆ ಹಿಂದಕ್ಕೆ ಬಾಗಿದವು. ಅಲೆ ಬಂದು ಪುತ್ತುಬ್ಬನ ಪಾದ ನೆನೆಸುವಷ್ಟರಲ್ಲಿ ಕೆಂಪು ಬಟ್ಟೆ ಗೆರೆ ದಾಟಿ ಈಚೆಗೆ ಬಂದಿತ್ತು, ದಣಿದ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಗದ್ದಲದ ನಡುವೆ ಪುತ್ತುಬ್ಬ ಕೊನೆಗೂ ತಿರುಗಿ ಬ್ರ್ಯಾಂಡನ್‌ನ ಮುಂದೆ ಹೋಗಿ ನಿಂತ.

“ಈಗ ಕರಿ ಮಾರಾಯ.”

ಬ್ರ್ಯಾಂಡನ್ ಪಟ್ಟಿ ನೋಡಲಿಲ್ಲ. ಮೈಕ್ ಎತ್ತಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಿದ: “ನ್ಯೂ ಸ್ಟಾರ್ ಮಟ್ಟು!”