ಮಡಿಲ ಭಾರ

ಸತ್ತವರ ಮೈ ತಾಸಿನಿಂದ ತಾಸಿಗೆ ಭಾರವಾಗತೊಡಗಿ ಹನ್ನೆರಡು ವರ್ಷಗಳಾಗಿದ್ದವು. ಅಣ್ಣಿಗೇರಿಯ ದಾವಲಸಾಬ ಅಷ್ಟೂ ವರ್ಷ ಹೆಣ ಎಳೆಯುವ ಗಾಡಿಯನ್ನೇ ಓಡಿಸಿದ್ದ. ದೊಡ್ಡವರಿಗೆ ಎಂಟು ಗಾಲಿಯ ಟ್ರೇಲರ್ ಕಟ್ಟಿದ ದೊಡ್ಡ ಪಿಕಪ್ಪೇ ಆಗಬೇಕು. ಮಕ್ಕಳಾದರೆ, ಗಾಡಿ ಬೇಗ ತಲುಪಿದರೆ, ಸಣ್ಣದು ಸಾಕು. ಮೂರು ವರ್ಷದ ಹುಡುಗಿ ಜ್ವರದಲ್ಲಿ ತೀರಿಕೊಂಡಳೆಂದು ಕರೆ ಬಂದಾಗ ಅವನು ಸಣ್ಣದನ್ನೇ ತಂದ.

ಕೂಸು ಇನ್ನೂ ತಾಯಿ ನೀಲವ್ವನ ಮಡಿಲಲ್ಲೇ ಇತ್ತು. ಚಾಚಿದ ಅವಳ ಕಾಲುಗಳು ನೆಲಕ್ಕೆ ಒತ್ತಿಹೋಗಿ ಪಾದಗಳು ಕಪ್ಪಿಟ್ಟಿದ್ದವು. ಬಿಡಿಸಲು ಹೋಗಿ ಸೋತ ಗಂಡ ಗೋಡೆಗೆ ಒರಗಿ ಕೂತಿದ್ದ.

“ತಂಗೀ, ಇನ್ನ ಕೊಡವಾ. ಇನ್ನರ್ಧ ತಾಸಾದ್ರ ನಿನ್ನ ಕಾಲು ಮುರೀತಾವ,” ಎಂದ ದಾವಲಸಾಬ.

“ಮುರೀಲಿ ಬಿಡಣ್ಣಾ. ಎತ್ಗೊ ಎತ್ಗೊ ಅಂತ ದಿನಾ ಬೆನ್ನ ಹತ್ತತಿದ್ಲು. ಕೆಲಸ ಐತಿ ಅಂತ ಕೆಳಗ ಇಳಸತಿದ್ದೆ.”

ಇಂಥ ತಾಯಂದಿರನ್ನು ಅವನು ಬಲವಂತದಿಂದ ಎಳೆದು ಬಿಡಿಸಿದ್ದುಂಟು. ಇಂದು ಕೈ ಏಳಲಿಲ್ಲ. ದೊಡ್ಡ ಗಾಡಿ ತರಲು ತಮ್ಮನಿಗೆ ಫೋನ್ ಮಾಡಿದ. ಆಮೇಲೆ ಎರಡು ಜಾಕ್ ತಂದು ನೀಲವ್ವನ ಅತ್ತಿತ್ತ ಇಟ್ಟ. ಕೂಸಿನ ಕೆಳಗೆ ಕಬ್ಬಿಣದ ಪಟ್ಟಿ ತೂರಿಸಿ, ಅವಳ ತೊಡೆಯಿಂದ ಬೆರಳಗಲ ಮೇಲೆತ್ತಿದ.

“ಈಗ ಹಿಡ್ಕೊ. ಗಾಡಿ ಬರೂತನಕ ಕೂಸನ್ನ ಕೊಡು ಅಂತ ಯಾರೂ ಕೇಳೂದಿಲ್ಲ.”

ಅವಳು ಮಗಳನ್ನು ತಬ್ಬಿ, ಹಣೆಗೆ ಹಣೆ ಹಚ್ಚಿ ಕೂತಳು.

ದೊಡ್ಡ ಗಾಡಿ ಬಂದು ಸರಪಳಿ ಬಿಗಿದಾಗ ನೀಲವ್ವ ತಾನಾಗಿಯೇ ಕೈ ಬಿಟ್ಟಳು. ಏಳಲು ಅವಳಿಂದಾಗಲಿಲ್ಲ. ದಾವಲಸಾಬ ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಟ್ರೇಲರಿನ ಹಿಂದೆ ನಡೆದ. ಅವಳು ಹತ್ತಿಯಷ್ಟು ಹಗುರವಾಗಿದ್ದಳು.