ನಾಲ್ಕು ಕೋರ್ ಸಾಕು

“ಮೇಡಂ, ಕಂಪ್ಯೂಟರ್‌ನಲ್ಲಿ ದಿನಾ ಏನು ಕೆಲಸ ಮಾಡ್ತೀರ ಹೇಳಿ. ಅದಕ್ಕೆ ತಕ್ಕ ಪ್ರೊಸೆಸರ್ ಹಾಕಿಕೊಡ್ತೀನಿ,” ಎಂದ ಅಂಗಡಿಯವನು.

“ಪಿಎಚ್.ಡಿ. ಮಾಡ್ತಿದ್ದೀನಿ. ನದಿ ಉಕ್ಕಿದರೆ ನೀರು ಎಲ್ಲೀವರೆಗೆ ನುಗ್ಗುತ್ತೆ ಅಂತ ಲೆಕ್ಕ ಹಾಕೋದು. ಹಳೇ ಕಂಪ್ಯೂಟರ್‌ನಲ್ಲಿ ಒಂದು ಲೆಕ್ಕ ಮುಗಿಯೋದರೊಳಗೆ ವಾರ ಕಳೆಯುತ್ತೆ.”

“ಹಾಗಾದ್ರೆ ಹದಿನಾರು ಕೋರ್‌ನ ದೊಡ್ಡ ಪ್ರೊಸೆಸರ್ರೇ ಬೇಕು.”

ಅವಳು ಖುಷಿಯಿಂದ ಗಂಡನ ಕಡೆ ತಿರುಗಿದಳು. ಹೊಸ ಕಂಪ್ಯೂಟರ್ ಕೊಡಿಸುತ್ತೇನೆ ಎಂದು ತಾನಾಗಿಯೇ ಕರೆತಂದವನು ಅವನು.

“ನಾಲ್ಕು ಕೋರ್‌ನ ಚಿಕ್ಕದೇ ಹಾಕಿ,” ಎಂದ ಅವನು.

“ರೀ, ಅದು ಸಿನಿಮಾ ನೋಡೋಕೆ ಸರಿ. ನನ್ನ ಲೆಕ್ಕ ಓಡಿಸಿದರೆ ಅದರ ಮೇಲೆ ದೋಸೆ ಹುಯ್ಯಬಹುದು!”

ಅಂಗಡಿಯವನು ನಕ್ಕ. ಗಂಡ ನಗಲಿಲ್ಲ.

“ಬೆಲೆ ಜಾಸ್ತಿ ಆಯ್ತಾ?” ಅವಳು ದನಿ ತಗ್ಗಿಸಿ ಕೇಳಿದಳು.

“ಬೆಲೆಯ ಮಾತಲ್ಲ ಕಣೇ. ದಿನಾ ಏನು ಬೇಕೋ ಅಷ್ಟು ತಗೊಂಡರೆ ಸಾಕು.”

“ದಿನಾ ನನಗೆ ಬೇಕಾಗಿರೋದೇ ಈ ಲೆಕ್ಕ ಅಲ್ವಾ?”

ಅವನು ಅಂಗಡಿಯವನಿಗೆ ಕಾರ್ಡ್ ಕೊಟ್ಟು ಅವಳತ್ತ ನೋಡಿದ.

“ನಿನ್ನೆ ನಿಮ್ಮ ಗೈಡ್ ಹತ್ತಿರ ಹೋಗಿದ್ದೆ. ನೀನು ಪಿಎಚ್.ಡಿ. ಬಿಡ್ತಿದ್ದೀಯ ಅಂತ ಹೇಳಿಬಂದೆ.”